ಥ್ರಾಟಲ್ ಬಾಡಿ ತೊಳೆಯೋದಾ, ಬದಲಿಸೋದಾ, ಇಲ್ಲ ಮೊದಲು ಮೀಟರ್ ಹಿಡಿಯೋದಾ?

ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲೇ ಒದ್ದಾಡುತ್ತದೆ. ಚೆಕ್ ಎಂಜಿನ್ ದೀಪ ಹತ್ತಿರುತ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಓಡುತ್ತದೆ. ಇದನ್ನು ಹೇಳಿಕೊಂಡು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ: ‘ಥ್ರಾಟಲ್ ಬಾಡಿ ಕ್ಲೀನ್ ಮಾಡೋಣ ಸಾರ್’ ಅಥವಾ ‘ಥ್ರಾಟಲ್ ಬಾಡಿ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು’. ಮೊದಲನೆಯದಕ್ಕೆ ಕೆಲವು ನೂರು, ಎರಡನೆಯದಕ್ಕೆ ಹತ್ತು ಸಾವಿರದ ಮೇಲೆ. ನನ್ನ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕು, ಭಾವನ ಸೆಡಾನು, ಗೆಳೆಯನ ಇನ್ನೊಂದು ಪೆಟ್ರೋಲ್ ಗಾಡಿ ಮೂರೂ ಒಂದಲ್ಲ ಒಂದು ಸಲ ಥ್ರಾಟಲ್ ಕಾಟ ಕೊಟ್ಟವೇ. ಹಾಗಾಗಿ ದೋಷ ಹಿಡಿಯುವ ಸಾಧನಗಳನ್ನೂ, ರಿಪೇರಿಯ ದಾರಿಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು.

ಮೊದಲು ಯಂತ್ರದ ವಿಷಯ ಸ್ವಲ್ಪ. ಥ್ರಾಟಲ್ ಬಾಡಿ ಎಂದರೆ ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ ಭಾಗ, ಅದರೊಳಗೆ ತಿರುಗಿ ತೆರೆದು ಮುಚ್ಚುವ ತಟ್ಟೆಯೇ ‘ಚಿಟ್ಟೆ’. ಈ ಕಾರುಗಳಲ್ಲಿ ಪೆಡಲ್‌ನಿಂದ ಎಂಜಿನ್‌ಗೆ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್, ಥ್ರಾಟಲ್ ಬಾಡಿಯಲ್ಲಿ ಒಂದು ಡಿಸಿ ಮೋಟರ್, ಪ್ಲಾಸ್ಟಿಕ್ ಗೇರು, ಸ್ಪ್ರಿಂಗು, ಅಲ್ಲಿಯೂ ಎರಡು ಸೆನ್ಸರ್. ಹಲವು ಕಾರುಗಳಲ್ಲಿ ಪೆಡಲ್‌ನ ಎರಡನೇ ಸೆನ್ಸರ್ ವೋಲ್ಟೇಜ್ ಮೊದಲನೆಯದರ ಅರ್ಧ ಇರುತ್ತದೆ. ಥ್ರಾಟಲ್ ಕಡೆ ಬಹಳಷ್ಟು ಮಾಡೆಲ್‌ಗಳಲ್ಲಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಸುಮಾರು 5 ವೋಲ್ಟ್. ಥ್ರಾಟಲ್ ಕಡೆಯ ಈ ಲೆಕ್ಕ ತಪ್ಪಿದ ಕೂಡಲೇ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಮೋಟರ್‌ಗೆ ಕರೆಂಟ್ ನಿಲ್ಲಿಸುತ್ತದೆ. ಆಗ ಸ್ಪ್ರಿಂಗು ಚಿಟ್ಟೆಯನ್ನು ಚೂರೇ ಚೂರು ತೆರೆದ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಕಾರು ಹೀಗೆ ಕುಂಟುವುದಕ್ಕೇ ಲಿಂಪ್ ಮೋಡ್ ಎನ್ನುವುದು. ಅಂದರೆ ಅದು ಕಾರು ಕೆಟ್ಟಿರುವುದರ ಗುರುತು ಮಾತ್ರವಲ್ಲ, ಕಾವಲು ಕೆಲಸ ಮಾಡುತ್ತಿರುವುದರ ಗುರುತೂ ಹೌದು. ಶಿರಾಡಿ ಘಾಟಿಯ ಏರಿನಲ್ಲಿ ಲಾರಿ ಹಿಂದೆ ಬಿದ್ದಾಗ ಈ ಮಾತು ಸಮಾಧಾನ ಕೊಡುವುದಿಲ್ಲ, ಅದು ಬೇರೆ. ಟೊಯೊಟಾ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ದೂರಿನ ಮೇಲೆ ನಾಸಾ ಎಂಜಿನಿಯರುಗಳು ತನಿಖೆ ನಡೆಸಿ 2011ರಲ್ಲಿ ವರದಿ ಕೊಟ್ಟರು. ಅಷ್ಟು ದೊಡ್ಡ ವೇಗೋತ್ಕರ್ಷಕ್ಕೆ ಎಲೆಕ್ಟ್ರಾನಿಕ್ಸ್ ಕಾರಣ ಎನ್ನಲು ಅವರಿಗೆ ಪುರಾವೆ ಸಿಗಲಿಲ್ಲ. ಆದರೆ ಬಿಚ್ಚಿ ನೋಡಿದ ಒಂದು ಪೆಡಲ್ ಸೆನ್ಸರ್ ಒಳಗೆ, ಕೂದಲಿಗಿಂತ ಸಣ್ಣಗೆ ಬೆಳೆದ ತವರದ ಎಳೆಯೊಂದು ಎರಡು ಸಿಗ್ನಲ್‌ಗಳ ನಡುವೆ ಸೇತುವೆ ಕಟ್ಟಿತ್ತು. ಎರಡು ಸೆನ್ಸರ್ ಯಾಕೆ ಬೇಕು ಎಂದು ಕೇಳುವವರಿಗೆ ಇಷ್ಟು ಸಾಕು.

ಹಿಡಿಯುವ ಸಾಧನಗಳು

ಎಲ್ಲರ ಡ್ಯಾಶ್‌ಬೋರ್ಡ್ ಡಬ್ಬದಲ್ಲೂ ಈಗ ಒಂದು ನೀಲಿ ಇಎಲ್‌ಎಂ327 ಇರುತ್ತದೆ. ಕಾರಿನ ದೋಷದ ಕೋಡ್ ಓದುವ ಅಡಾಪ್ಟರ್ ಅದು, ಸಾವಿರದೊಳಗೆ ಸಿಗುವ ಬ್ಲೂಟೂತ್ ನಕಲು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿ, ಫೋನಿನಲ್ಲಿ ಕಾರ್ ಸ್ಕ್ಯಾನರ್ ಅಥವಾ ಟಾರ್ಕ್ ಆ್ಯಪ್ ತೆರೆದರೆ ಕೋಡ್ ಬರುತ್ತದೆ. ನನ್ನ ಕಾರಿನಲ್ಲಿ ಬಂದದ್ದು ಪಿ2135: ಥ್ರಾಟಲ್‌ನ ಎರಡು ಸೆನ್ಸರ್‌ಗಳಿಗೆ ಹೊಂದಾಣಿಕೆ ಇಲ್ಲ. ಭಾವನ ಕಾರಿನಲ್ಲಿ ಪಿ2138: ಅದೇ ತಕರಾರು, ಪೆಡಲ್ ಕಡೆ. ಇಷ್ಟು ಗೊತ್ತಾದರೆ ಅರ್ಧ ದಾರಿ ಬಂದ ಹಾಗೆ, ಆ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕೋಡ್ ಬರೀ ದೂರು ಬರೆದುಕೊಳ್ಳುವ ಪೇದೆ, ಕಳ್ಳನನ್ನು ಹಿಡಿಯುವುದು ಅದರ ಕೆಲಸವಲ್ಲ. ಪಿ2135 ಬರಲು ಸೆನ್ಸರೇ ಸವೆದಿರಬೇಕೆಂದಿಲ್ಲ. ಅರ್ಥ್ ಕೆಟ್ಟಿರಬಹುದು, ಕನೆಕ್ಟರ್‌ಗೆ ನೀರು ಹೋಗಿರಬಹುದು, ಇಲಿ ವೈರು ಕಡಿದಿರಬಹುದು.

ಲೈವ್ ಡೇಟಾದಲ್ಲಿ ಈ ನಕಲು ಅಡಾಪ್ಟರುಗಳ ನಿಜ ಬಣ್ಣ ಬಯಲಾಗುತ್ತದೆ. ಒಂದೊಂದು ಅಂಶವನ್ನೂ ಒಂದಾದ ಮೇಲೊಂದು ಕೇಳಿಕೊಂಡು ಬರುವುದರಿಂದ ಸೆಕೆಂಡಿಗೆ ಕೆಲವೇ ಸಲ ಅಂಕಿ ಬದಲಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ದೋಷ ಈ ಗ್ರಾಫಿನಲ್ಲಿ ಕಾಣುವುದೇ ಇಲ್ಲ. ನನ್ನ ಕಾರಿನ ಗ್ರಾಫ್ ಕೊನೆಯವರೆಗೂ ನುಣುಪಾಗಿಯೇ ಇತ್ತು. ಒಂದು ಉಪಯೋಗ ಮಾತ್ರ ಇದೆ. ನಿಮ್ಮ ಇಸಿಯು ಕೊಡುವುದಾದರೆ, ‘ಕಮಾಂಡೆಡ್ ಥ್ರಾಟಲ್’ ಮತ್ತು ನಿಜವಾದ ಥ್ರಾಟಲ್ ಸ್ಥಾನ ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ನಿಧಾನಕ್ಕೆ ಪೆಡಲ್ ಒತ್ತಿ. ಕೇಳಿದ್ದು ಒಂದು, ಆಗಿದ್ದು ಇನ್ನೊಂದು, ಅದೂ ತಡವಾಗಿ ಆದರೆ ಚಿಟ್ಟೆ ಮಸಿಗೆ ಅಂಟುತ್ತಿದೆ ಅಥವಾ ಮೋಟರ್ ಸೋತಿದೆ. ಅಂದಹಾಗೆ, ಐಡಲ್‌ನಲ್ಲಿ, ಅಂದರೆ ಪೆಡಲ್ ಮುಟ್ಟದೆ ಎಂಜಿನ್ ಓಡುವಾಗ, ಥ್ರಾಟಲ್ ಹತ್ತು ಹದಿನೈದು ಶೇಕಡಾ ತೋರಿಸಿದರೆ ಗಾಬರಿ ಬೇಡ, ಬಹುತೇಕ ಕಾರುಗಳಲ್ಲಿ ಅದು ಸೊನ್ನೆಯಿಂದ ಶುರುವಾಗುವುದೇ ಇಲ್ಲ.

ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಇದಕ್ಕಿಂತ ವೇಗ. ಅದರ ನಿಜವಾದ ಬೆಲೆ ಓದುವುದರಲ್ಲಿಲ್ಲ, ಆಜ್ಞೆ ಕೊಡುವುದರಲ್ಲಿದೆ. ಚಿಟ್ಟೆಯನ್ನು ತಾನೇ ಆಡಿಸಿ ನೋಡುತ್ತದೆ, ಕೆಲಸ ಮುಗಿದ ಮೇಲೆ ಚಿಟ್ಟೆ ಮುಚ್ಚಿದ ಸ್ಥಾನ ಯಾವುದೆಂದು, ಅಂದರೆ ಹೊಸ ಸೊನ್ನೆಯನ್ನು, ಇಸಿಯುಗೆ ಕಲಿಸುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರು ವಿಸಿಡಿಎಸ್ ಎಂಬ ತಂತ್ರಾಂಶ ಬಳಸುತ್ತಾರಲ್ಲ, ಅದರಲ್ಲಿ ಹಳೆಯ ಮಾಡೆಲ್‌ಗಳಿಗೆ ಬೇಸಿಕ್ ಸೆಟ್ಟಿಂಗ್ಸ್ ಗ್ರೂಪ್ 060 ಇರುವುದು ಇದಕ್ಕೇ.

ನನ್ನ ಆಯ್ಕೆ ಮಾತ್ರ ಮಲ್ಟಿಮೀಟರ್. ಅದರಲ್ಲೂ ಮುಳ್ಳಿನ ಹಳೇ ಅನಲಾಗ್ ಮೀಟರ್. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಅಂಕಿ ಬದಲಿಸುತ್ತದೆ, ನಡುವೆ ಏನಾಯಿತೆಂದು ಹೇಳುವುದಿಲ್ಲ. ಮುಳ್ಳು ಹಾಗಲ್ಲ. ನನ್ನ ಕಾರಿನ ಥ್ರಾಟಲ್ ಬಾಡಿಯ ಕನೆಕ್ಟರ್ ಹಾಕಿದ್ದಂತೆಯೇ ಇಟ್ಟು, ಹಿಂಬದಿಯಿಂದ ಸಿಗ್ನಲ್ ವೈರಿನ ಪಕ್ಕ ಒಂದು ಗುಂಡುಪಿನ್ನು ಜಾರಿಸಿ ಮೀಟರ್ ಕೊಟ್ಟೆ. ಕೀ ಆನ್, ಎಂಜಿನ್ ಆಫ್. ಮನೆಯಾಕೆ ಪೆಡಲ್ಲನ್ನು ತೀರಾ ನಿಧಾನಕ್ಕೆ ಒತ್ತುತ್ತಾ ಹೋದಳು. ಮುಳ್ಳು ಏರುತ್ತಾ ಏರುತ್ತಾ 1.2 ವೋಲ್ಟ್ ಹತ್ತಿರ ಬಂದಾಗ ಚಣ ಮಾತ್ರ ಕೆಳಗೆ ಕುಸಿದು ಮತ್ತೆ ಎದ್ದಿತು. ಪೆಡಲ್ ಬಿಟ್ಟು ಮತ್ತೆ ಒತ್ತಿಸಿದರೂ ಅದೇ ಜಾಗ. ಊರೊಳಗೆ ಓಡಿಸುವಾಗ ಚಿಟ್ಟೆ ಹೆಚ್ಚಿನ ಹೊತ್ತು ನಿಲ್ಲುವುದು ಆ ತೆರವಿನಲ್ಲೇ, ಹಾಗಾಗಿ ಸೆನ್ಸರಿನೊಳಗೆ ಲೋಹದ ಬೆರಳು ಉಜ್ಜುತ್ತಾ ಹೋಗುವ ಕಾರ್ಬನ್ ಟ್ರ್ಯಾಕ್ ಸವೆಯುವುದೂ ಅಲ್ಲೇ. ಬೆಂಗಳೂರಿನ ಟ್ರಾಫಿಕ್ಕಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದವರಿಗೆ ಇದೇ ಕುಸಿತ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಗೆಳೆಯನ ಬಳಿಯಿದ್ದ ಕಿರುಸ್ಕೋಪಿನಲ್ಲೂ ನೋಡಿದೆ, ಚೆಂದವಿದೆ. ಆದರೆ ಒಂದೇ ದೋಷಕ್ಕಾಗಿ ಕೊಳ್ಳಬೇಕೆಂದು ಹೇಳಲಾರೆ. ಇನ್ನು, ಹೊಸ ಕಾರುಗಳಲ್ಲಿ ಉಜ್ಜಾಟವೇ ಇಲ್ಲದ ಹಾಲ್ ಅಥವಾ ಇಂಡಕ್ಟಿವ್ ಸೆನ್ಸರ್ ಇರುವುದರಿಂದ ಈ ಬಗೆಯ ಸವೆತ ಸಿಗುವುದಿಲ್ಲ. ಅಲ್ಲಿ ಮೊದಲು ಸೋಲುವುದು ಗೇರು, ಮೋಟರ್ ಬ್ರಶ್ಶು, ಕನೆಕ್ಟರು.

ಭಾವನ ಕಾರಿಗೆ ಅಧಿಕೃತ ಸರ್ವಿಸ್ ಸೆಂಟರೊಂದು ಇಡೀ ಪೆಡಲ್ ಅಸೆಂಬ್ಲಿ ಬದಲಿಸಬೇಕೆಂದು ಅಂದಾಜು ಪಟ್ಟಿ ಕೊಟ್ಟಿತ್ತು. ಮೀಟರ್ ಹಿಡಿದರೆ ಪೆಡಲ್‌ನ ಎರಡು ಸಿಗ್ನಲ್‌ಗಳೂ ಸರಿಯಾಗಿಯೇ ಇದ್ದವು, ಕನೆಕ್ಟರ್ ಅಲ್ಲಾಡಿಸಿದಾಗ ಮಾತ್ರ ಒಂದು ಲೆಕ್ಕ ತಪ್ಪುತ್ತಿತ್ತು. ಅರ್ಥ್ ಪಿನ್ ಸಡಿಲವಾಗಿ ಹಸಿರುಗಟ್ಟಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹೆಣ್ಣು ಪಿನ್ನಿನ ಬಾಯಿಯನ್ನು ಸೂಜಿಯಿಂದ ಚೂರು ಬಿಗಿ ಮಾಡಿದ್ದಷ್ಟೇ, ಕೋಡ್ ಆಮೇಲೆ ಬರಲಿಲ್ಲ. ಪೆಡಲ್ ಸಿಗ್ನಲ್ ಹಿಗ್ಗಿಸಿ ಕಾರಿನ ಜಗ್ಗಾಟ ಜಾಸ್ತಿ ಮಾಡುವ ಥ್ರಾಟಲ್ ಕಂಟ್ರೋಲರ್ ಡಬ್ಬಿಯನ್ನೂ ನಡುವೆ ಸಿಕ್ಕಿಸಿದ್ದ ಮಹಾಶಯ. ಅಂಥದ್ದೇನಾದರೂ ಇದ್ದರೆ ಪರೀಕ್ಷೆಗೆ ಮುಂಚೆಯೇ ಕಿತ್ತಿಡಿ. ಬಾನೆಟ್ ಎತ್ತಿಸಿ ವಾಟರ್ ಸರ್ವಿಸ್ ಮಾಡಿಸಿದ ಮರುದಿನ ದೋಷ ಶುರುವಾಗಿದ್ದರೆ ಥ್ರಾಟಲ್ ಬಾಡಿಯ ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ಇಪಿಸಿ (ಎಲೆಕ್ಟ್ರಾನಿಕ್ ಪವರ್ ಕಂಟ್ರೋಲ್) ದೀಪ ಹತ್ತುವ ಕಾರುಗಳಲ್ಲಿ ಬ್ರೇಕ್ ಲೈಟ್ ಸ್ವಿಚ್ಚನ್ನೂ ಅನುಮಾನಿಸಬೇಕು, ಕೆಲವೇ ನೂರರ ಆ ಸ್ವಿಚ್ ಕೆಟ್ಟರೂ ಅದೇ ದೀಪ ಹತ್ತುತ್ತದೆ.

ರಿಪೇರಿಯ ದಾರಿಗಳು

ಕ್ಲೀನಿಂಗ್ ಕೆಲಸ ಮಾಡಿದ್ದು ಗೆಳೆಯನ ಗಾಡಿಗೆ. ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಏರಿಳಿಯುವುದು, ಎಸಿ ಹಾಕಿದರೆ ಬಂದ್ ಆಗುವುದು, ಇಷ್ಟೇ ಅದರ ರೋಗ. ಚಿಟ್ಟೆಯ ಅಂಚಿಗೆ ಕಪ್ಪು ಅಂಟು ಕಟ್ಟಿ ಗಾಳಿಯ ಸಂದಿ ಮುಚ್ಚಿಹೋಗಿತ್ತು. ಥ್ರಾಟಲ್ ಬಾಡಿಯನ್ನು ಕೆಳಗಿಳಿಸಿ, ಸೆನ್ಸರ್ ಭಾಗ ಮೇಲೆ ಬರುವಂತೆ ಹಿಡಿದು, ಬಟ್ಟೆಗೆ ಥ್ರಾಟಲ್ ಕ್ಲೀನರ್ ಹಾಕಿ ಒರೆಸಿದೆ. ಜಾಗದಲ್ಲೇ ಇಟ್ಟು ಸ್ಪ್ರೇ ಹೊಡೆಯುವುದು ಸುಲಭ, ಆದರೆ ಕೊಳೆಯೆಲ್ಲ ಎಂಜಿನ್ ಒಳಗೆ ಹೋಗುತ್ತದೆ, ಶಾಫ್ಟ್ ಸಂದಿಗೂ ಇಳಿಯುತ್ತದೆ. ಖಾರವಾದ ಕಾರ್ಬ್ ಕ್ಲೀನರ್ ಬೇಡ, ಕೆಲವು ಬಾಡಿಗಳ ಒಳಗೋಡೆಗೆ ಬಳಿದಿರುವ ಲೇಪನವನ್ನೇ ಅದು ಎಬ್ಬಿಸಿಬಿಡುತ್ತದೆ. ಕೀ ಆನ್ ಇರುವಾಗ ಚಿಟ್ಟೆಗೆ ಬೆರಳು ಹಾಕಲೇಬೇಡಿ. ಮೋಟರ್ ಯಾವಾಗ ಎಳೆಯುತ್ತದೋ ಹೇಳಲಾಗದು, ಬೆರಳೂ ಹೋಗುತ್ತದೆ, ಗೇರೂ ಹೋಗುತ್ತದೆ.

ತೊಳೆದ ಮೇಲೆ ಐಡಲ್ ಇನ್ನೂ ಏರಿತು, ಐಡಲ್ ಜಾಸ್ತಿ ಎನ್ನುವ ಪಿ0507 ಕೋಡ್ ಬಂತು. ಇದು ಹೊಸ ರೋಗವಲ್ಲ. ಮಸಿ ಕಟ್ಟಿದ ಚಿಟ್ಟೆಗೆ ಎಷ್ಟು ತೆರೆಯಬೇಕೆಂದು ಇಸಿಯು ಕಲಿತಿರುತ್ತದೆ, ಈಗ ಅಷ್ಟೇ ತೆರೆದರೆ ಗಾಳಿ ಜಾಸ್ತಿ. ಕೆಲವು ಕಾರು ತಾವೇ ಮರಳಿ ಕಲಿಯುತ್ತವೆ, ಇದಕ್ಕೆ ಮಾತ್ರ ಗ್ಯಾರೇಜಿನ ಸ್ಕ್ಯಾನರ್ ಬೇಕಾಯಿತು. ನೀಲಿ ಅಡಾಪ್ಟರಿನಿಂದ ಆಗಲಿಲ್ಲ. ನನ್ನ ಕಾರಿನ ಪಿ2135ಕ್ಕೆ ಇದೇ ಕ್ಲೀನಿಂಗ್ ಕಿಂಚಿತ್ತೂ ಫಲ ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ: ಸವೆದ ಟ್ರ್ಯಾಕ್ ಇರುವುದು ಮುಚ್ಚಳದೊಳಗೆ, ಮಸಿ ಇರುವುದು ಹೊರಗೆ.

ಉಳಿದದ್ದು ಬದಲಿಸುವುದು. ಜೆಸಿ ರಸ್ತೆಯಲ್ಲಿ ಹೊಸದಕ್ಕೆ ಕೇಳಿದ ಬೆಲೆ ಕಾರಿನ ವಯಸ್ಸಿಗೆ ಅತಿ ಎನಿಸಿತು. ಅಲ್ಲೇ ಒಂದು ಅಂಗಡಿಯಲ್ಲಿ ಹೆಸರಿಲ್ಲದ ಹೊಸ ಮಾಲೂ ಇತ್ತು, ಅರ್ಧಕ್ಕಿಂತ ಕಡಿಮೆ ಬೆಲೆಗೆ. ಕೈಯಲ್ಲಿ ಹಿಡಿದಾಗ ಚಿಟ್ಟೆ ತಿರುಗಿಸಿದರೆ ಸ್ಪ್ರಿಂಗು ಮರಳುವುದು ಸೋಮಾರಿಯಾಗಿ, ಶಾಫ್ಟ್‌ನಲ್ಲಿ ಆಟವೂ ಇತ್ತು. ಅದನ್ನು ಅಲ್ಲೇ ಕೈಬಿಟ್ಟೆ. ಬ್ರೇಕಿನಂತೆಯೇ ಇದೂ ಜೀವದ ಮಾತು, ಗುರುತಿಲ್ಲದ ಮಾಲು ಬೇಡ.

ಶಿವಾಜಿನಗರದ ಗುಜರಿಯಲ್ಲಿ ಅದೇ ಪಾರ್ಟ್ ನಂಬರಿನದು ಸಿಕ್ಕಿತು. ಕೊನೆಯ ಅಕ್ಷರದವರೆಗೂ ಹೊಂದಬೇಕು ಎನ್ನುವುದನ್ನು ಮರೆಯಬೇಡಿ, ಒಂದು ಅಕ್ಷರ ಬೇರೆಯಾದರೂ ಪಿನ್ ಜೋಡಣೆ ಬೇರೆ ಇರಬಹುದು. ‘ಚೆಕ್ ಮಾಡ್ಕೊಂಡೇ ತಗೊಳ್ಳಿ ಸಾರ್, ಆಮೇಲೆ ವಾಪಸ್ ಇಲ್ಲ’ ಎಂದರು ಅಂಗಡಿಯ ಭಾಯ್. ಚೆಕ್ ಮಾಡಲೆಂದೇ ಮೂರು ಪೆನ್ಸಿಲ್ ಸೆಲ್ ಹಾಕಿದ ಹೋಲ್ಡರ್, ವೈರು, ಮುಳ್ಳಿನ ಮೀಟರ್ ಒಯ್ದಿದ್ದೆ. ಆರು ಪಿನ್‌ನಲ್ಲಿ ಎರಡು ಮೋಟರಿನವು, ಓಮ್ ಇಟ್ಟರೆ ಅವುಗಳ ನಡುವೆ ಕೆಲವೇ ಓಮ್ ತೋರಿಸುತ್ತದೆ. ಉಳಿದವುಗಳಲ್ಲಿ 5 ವೋಲ್ಟ್ ಪಿನ್, ಅರ್ಥ್, ಎರಡು ಸಿಗ್ನಲ್, ಯಾವುದು ಯಾವುದೆಂದು ನನ್ನ ಕಾರಿನ ಕನೆಕ್ಟರಿನಲ್ಲೇ ಮೊದಲೇ ನೋಡಿ ಬರೆದುಕೊಂಡಿದ್ದೆ. ಸೆಲ್ಲಿನ 4.5 ವೋಲ್ಟ್ ಕೊಟ್ಟು, ಚಿಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತೆರೆಯುತ್ತಾ ಮುಳ್ಳು ನೋಡುವುದು. ಟ್ರ್ಯಾಕ್ ಬಗೆಯ ಸೆನ್ಸರ್‌ಗೆ ವೋಲ್ಟೇಜ್ ತುಸು ಕಡಿಮೆಯಾದರೂ ಅನುಪಾತ ಅದೇ ಇರುವುದರಿಂದ ಪರೀಕ್ಷೆ ನಡೆಯುತ್ತದೆ. ಹಾಲ್ ಸೆನ್ಸರ್‌ಗೆ ಈ ಉಪಾಯ ನೆಚ್ಚಬೇಡಿ. ಪವರ್ ಬ್ಯಾಂಕ್ ಸಾಲದೇ ಎಂದರೆ, ಇಷ್ಟು ಸಣ್ಣ ಕರೆಂಟ್ ಎಳೆದರೆ ಹಲವು ಪವರ್ ಬ್ಯಾಂಕುಗಳು ಏನೂ ಚುಚ್ಚಿಲ್ಲವೆಂದು ತಿಳಿದು ತಾವೇ ಆಫ್ ಆಗುತ್ತವೆ. ಭಾಯ್ ಮೊದಲು ತೋರಿಸಿದ ಬಾಡಿಯಲ್ಲೂ ಮುಳ್ಳು ಹೆಚ್ಚುಕಡಿಮೆ ಅದೇ ತೆರವಿನಲ್ಲಿ ನಡುಗಿತು. ರಾಶಿಯಿಂದ ಇನ್ನೊಂದನ್ನು ತೆಗೆಸಿದೆ, ಅದು ಎರಡೂ ಸಿಗ್ನಲ್‌ನಲ್ಲಿ ನುಣುಪಾಗಿ ಏರಿಳಿಯಿತು. ಚೌಕಾಸಿ ಮಾಡಿ ತಂದದ್ದು ಅದನ್ನೇ. ಹೊಸದರ ಕಾಲು ಭಾಗದಷ್ಟು ದುಡ್ಡು.

ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ, ಕಲಿಸುವ ಕೆಲಸ ಮಾಡಿಸಿದ ಮೇಲೆ ಲಿಂಪ್ ಮೋಡ್ ಬಂದಿಲ್ಲ. ಆದರೂ ಹೇಳಬೇಕು: ಕಾರು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವವರಿಗೆ, ಘಾಟಿ ದಾರಿಯಲ್ಲಿ ಪದೇ ಪದೇ ಓಡಾಡುವವರಿಗೆ ಕಂಪನಿಯ ಹೊಸದೇ ಸರಿ. ಗುಜರಿ ಮಾಲಿನ ಟ್ರ್ಯಾಕ್ ಇವತ್ತು ಚೆನ್ನಾಗಿದೆ ಎಂದು ಮೀಟರ್ ಹೇಳುತ್ತದೆ, ಎಷ್ಟು ದಿನ ಎಂದು ಹೇಳುವುದಿಲ್ಲ.

ಇನ್ನೊಂದು ದಾರಿಯನ್ನು ಬೆಂಚಿನ ಮೇಲೆ ಮಾತ್ರ ನೋಡಿದೆ. ಹಳೇ ಬಾಡಿಯ ಮುಚ್ಚಳದ ಕ್ಲಿಪ್ಪು ಎಬ್ಬಿಸಿ, ಟ್ರ್ಯಾಕಿನ ಮೇಲೆ ಉಜ್ಜುವ ಲೋಹದ ಬೆರಳುಗಳನ್ನು ಚೂರು ಬಾಗಿಸಿ ಸವೆಯದ ಜಾಗಕ್ಕೆ ಸರಿಸುವುದು. ಮುಳ್ಳು ನಡುಗುವುದು ನಿಜಕ್ಕೂ ನಿಂತಿತು, ಖರ್ಚು ಸೊನ್ನೆ. ಆದರೆ ಇಸಿಯು ನಂಬಿಕೊಂಡಿರುವುದು ಎರಡು ಸಿಗ್ನಲ್‌ಗಳ ನಡುವೆ ಕಾರ್ಖಾನೆಯಲ್ಲಿ ಕೂರಿಸಿದ ಸಂಬಂಧವನ್ನು. ಕೈಯಿಂದ ಬಾಗಿಸಿದಾಗ ಕೆಡುವುದು ಅದೇ, ಲಿಂಪ್ ಮೋಡ್‌ಗೆ ಕಾರನ್ನು ಇಳಿಸಬೇಕಾದ ಕಾವಲನ್ನೇ ನಾವು ಮುಟ್ಟಿದ ಹಾಗಾಗುತ್ತದೆ. ಆ ಬಾಡಿ ಕಾರಿಗೆ ಮರಳಲಿಲ್ಲ.