ಘಟ್ಟ ಇಳಿದರೆ ಮಂಗಳೂರೋ, ಹೊನ್ನಾವರವೋ?

ಹಳೆಯ ಬಂದರೊಂದನ್ನು ನೋಡಬೇಕೆಂದು ಶಿವಮೊಗ್ಗದಿಂದ ಹೊರಡುವವರಿಗೆ ಮುಖ್ಯವಾಗಿ ಎರಡು ದಾರಿ. ತೀರ್ಥಹಳ್ಳಿ, ಆಗುಂಬೆ ಹಾದು ಮಂಗಳೂರು. ಇಲ್ಲವೇ ಸಾಗರ, ಜೋಗ, ಗೇರುಸೊಪ್ಪೆ ಹಾದು ಹೊನ್ನಾವರ. ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಎರಡಕ್ಕೂ ಹೋಗಿಬಂದೆ. ಎರಡೂ ಸಲ ಬೆಳಿಗ್ಗೆ ಐದಕ್ಕೆ ಹೊರಟು ರಾತ್ರಿ ಮನೆ ಸೇರಿದ ಪ್ರವಾಸ.

ಮಂಗಳೂರಿಗೆ ಒಂದು ದಿನ ಸಾಲುವುದೇ ಇಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿಯುವಷ್ಟರಲ್ಲಿ ಅಮ್ಮನಿಗೆ ತಲೆ ಸುತ್ತಿ, ಸೋಮೇಶ್ವರದಲ್ಲಿ ಅರ್ಧ ಗಂಟೆ ಕೂತೆವು. ನಗರ ಮುಟ್ಟಿದಾಗ ಹತ್ತೂವರೆ, ಬಿಸಿಲು ಏರಿತ್ತು. ಕದ್ರಿಯಲ್ಲಿ 968ರಲ್ಲಿ ಪ್ರತಿಷ್ಠಾಪನೆಯಾದ ಲೋಕೇಶ್ವರನ ಕಂಚಿನ ಮೂರ್ತಿ ನೋಡಿದೆವು. 1899ರಲ್ಲಿ ಬಂದ ಇಟಲಿಯ ಕಲಾವಿದ ಆಂಟೊನಿಯೊ ಮೊಸ್ಕೆನಿ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗೂ ಛಾವಣಿಗೂ ಬಿಡಿಸಿದ ಚಿತ್ರಗಳನ್ನು ಕತ್ತು ನೋಯುವವರೆಗೆ ನೋಡಿದೆವು. ಟಿಪ್ಪು ಕಾಲದ ಸುಲ್ತಾನ್ ಬತ್ತೇರಿ ಚಿಕ್ಕದು. ಕಪ್ಪುಕಲ್ಲಿನ ಆ ಕಾವಲು ಬುರುಜಿಗೆ ಕಾಲು ಗಂಟೆ ಸಾಕು.

ನನ್ನ ಮನಸ್ಸು ನಿಂತದ್ದು ಮಾತ್ರ ಹಳೆ ಬಂದರಿನಲ್ಲಿ. ಒಣಮೀನು ಮತ್ತು ಒಣಮೆಣಸಿನಕಾಯಿಯ ಘಾಟು ಬೆರೆತ ಇಕ್ಕಟ್ಟಾದ ಬೀದಿ ದಾಟಿದರೆ ಹೊಳೆ, ಹೊಳೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು. ಹಲಗೆಯ ಮೇಲೆ ಬರಿಗಾಲಲ್ಲಿ ನಡೆಯುತ್ತ ಹಮಾಲಿಗಳು ಸಿಮೆಂಟು ಚೀಲ, ಈರುಳ್ಳಿ ಮೂಟೆ ಏರಿಸುತ್ತಿದ್ದರು. ಪ್ರತಿ ಹೆಜ್ಜೆಗೂ ಹಲಗೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ದೊಡ್ಡ ಹಡಗುಗಳೆಲ್ಲ ಪಣಂಬೂರಿನ ಹೊಸ ಬಂದರಿಗೆ ಹೋದ ಮೇಲೂ ಈ ಬಂದರು ದುಡಿಯುತ್ತಲೇ ಇದೆ. ಹತ್ತಿರದ ಗೋದಾಮೊಂದರ ಮಾಡು ತೋರಿಸಿ ಅಮ್ಮ, ‘ನಮ್ಮ ಹಳೇ ಮನೆಗೂ ಇದೇ ಹೆಂಚು, ಹಿಂದೆ ಮಂಗಳೂರು ಅಂತ ಅಚ್ಚಿತ್ತು’ ಎಂದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನ ಎಷ್ಟೋ ಸೋಗೆ ಮಾಡುಗಳು ಹೆಂಚಿಗೆ ಬದಲಾದವು. ಅಲ್ಲಿ ಇನ್ನೂ ಎರಡು ಗಂಟೆ ನಿಲ್ಲುವ ಆಸೆಯಿತ್ತು. ಆದರೆ ಕತ್ತಲಾಗುವ ಮೊದಲು ಘಾಟಿ ಹತ್ತಬೇಕಿತ್ತು.

ಹೊನ್ನಾವರದಲ್ಲಿ ನೋಡಲು ಅಷ್ಟು ಕಟ್ಟಡಗಳಿಲ್ಲ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಹುಡುಗಿಯರಿಗೇ 13 ಶಾಲೆಗಳಿದ್ದುದನ್ನು ಬರೆದಿಟ್ಟಿದ್ದಾನೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿಗೆ ಪೋರ್ಚುಗೀಸರು ಬಾಯಿ ಬಿಡುತ್ತಿದ್ದರು. ಆ ವೈಭವವನ್ನು ಪೇಟೆಯಲ್ಲಿ ಹುಡುಕಿದರೆ ನಿರಾಸೆಯಾದೀತು. ಅದನ್ನು ಹೊಳೆಯ ಮೇಲೆಯೇ ಕಾಣಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನಲ್ಲಿ ದೋಣಿ ನಿಧಾನವಾಗಿ ಸಾಗುತ್ತದೆ. ಅಳಿವೆ ಹತ್ತಿರವಾದಂತೆ ಶರಾವತಿ ಎಷ್ಟು ಅಗಲವಾಗುತ್ತಾಳೆಂದರೆ, ಮೆಣಸು ತುಂಬಿದ ದೋಣಿಗಳು ಗೇರುಸೊಪ್ಪೆಯಿಂದ ಇಳಿದು ಬರುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ.

ಅಮ್ಮನ ತವರು ಶರಾವತಿ ದಂಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಊರು ಮುಳುಗಿತು. ದೋಣಿಯ ಅಂಚಿನಿಂದ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. ‘ಉಪ್ಪಾಗಿಬಿಟ್ಟಿದ್ದಾಳೆ’ ಎಂದು ಮೆಲ್ಲಗೆ ಹೇಳಿ, ಸೆರಗಿನಿಂದ ಕೈ ಒರೆಸಿಕೊಂಡರು. ಮಂಗಳೂರಿನ ಯಾವ ಜಾಗವೂ ಅವರನ್ನು ಹೀಗೆ ಹಿಡಿಯಲಿಲ್ಲ.

ಹಾಗಾಗಿ ಒಂದೇ ದಿನವಿದ್ದರೆ, ಜೊತೆಯಲ್ಲಿ ವಯಸ್ಸಾದವರಿದ್ದರೆ, ನಾನು ಕಣ್ಣು ಮುಚ್ಚಿ ಹೊನ್ನಾವರ ಎನ್ನುತ್ತೇನೆ. ದಾರಿಯಲ್ಲಿ ಜೋಗವೂ ಸಿಗುತ್ತದೆ, ಸಂಜೆಗೆ ಕಾಸರಕೋಡಿನ ಕಡಲತೀರವಿದೆ. ಬಂದರು ನಗರದ ಜೀವವನ್ನೇ ಕಾಣಬೇಕೆಂಬವರಿಗೆ ಮಂಗಳೂರಿಗೆ ಸಾಟಿಯಿಲ್ಲ, ಆದರೆ ಒಂದು ರಾತ್ರಿ ಅಲ್ಲಿ ಉಳಿಯಿರಿ. ಮಧ್ಯಾಹ್ನವನ್ನು ಒಳಾಂಗಣದ ಚಾಪೆಲ್‌ಗೆ ಇಟ್ಟುಕೊಂಡು, ಹಳೆ ಬಂದರಿಗೆ ಬೆಳಿಗ್ಗೆಯೇ ಹೋಗಿ. ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು.

ಬರುವ ಜನವರಿಗೆ ಎರಡನ್ನೂ ಸೇರಿಸುವ ಯೋಚನೆಯಿದೆ. ಗೇರುಸೊಪ್ಪೆ ಘಾಟಿ ಇಳಿದು, ಹೊನ್ನಾವರದಲ್ಲಿ ಕೊಂಕಣ ರೈಲು ಹತ್ತಿ ಮಂಗಳೂರಿಗೆ. ಆಗುಂಬೆಯ ತಿರುವು ತಪ್ಪುತ್ತದೆಂದರೆ ಬರುತ್ತೇನೆ ಎಂದಿದ್ದಾರೆ ಅಮ್ಮ.