ಟೆಸ್ಟ್ ಬೆಂಚಾ, ಫರ್ಮ್‌ವೇರಾ? ಎರಡನ್ನೂ ಮಾಡಿ ಮೂರನೆಯದಕ್ಕೆ ಬಂದವನ ಹೋಲಿಕೆ

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಹಾಸನದಲ್ಲಿ ಇ ಅಂಡ್ ಸಿ ಮುಗಿಸಿದ್ದಾನೆ, ಕೈಯಲ್ಲಿ ಎರಡು ಆಫರ್ ಲೆಟರ್. ಒಂದು ಬೋರ್ಡ್ ತಯಾರಿಸುವ ಕಾರ್ಖಾನೆಯಲ್ಲಿ ಟೆಸ್ಟ್ ಎಂಜಿನಿಯರ್ ಕೆಲಸ, ಇನ್ನೊಂದು ಸಣ್ಣ ಕಂಪನಿಯಲ್ಲಿ ಎಂಬೆಡೆಡ್ ಸಾಫ್ಟ್‌ವೇರ್, ಅಂದರೆ ಯಂತ್ರದೊಳಗಿನ ಚಿಪ್ಪಿಗೆ ಕೋಡ್ ಬರೆಯುವುದು; ಫರ್ಮ್‌ವೇರ್ ಅನ್ನುವುದೂ ಇದನ್ನೇ. ಎರಡನೆಯದಕ್ಕೆ ಸಂಬಳ ಜಾಸ್ತಿ. "ಮಾವ, ಟೆಸ್ಟಿಂಗ್ ಅಂದ್ರೆ ಪಾಸಾ ಫೇಲಾ ನೋಡಿ ಬೋರ್ಡ್ ಆಚೆ ಇಡೋದು ತಾನೇ? ಅದಕ್ಕೆ ಬಿಇ ಯಾಕೆ ಓದಬೇಕಿತ್ತು?" ಅಂದ.

ಆ ಮಾತು ನನಗೆ ಚುಚ್ಚಿತು. 2009ರಲ್ಲಿ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿ, ನಾಲ್ಕು ವರ್ಷ ಮಾಡಿದ್ದು ಅದೇ ಕೆಲಸ. ಜೊತೆಗೆ ಸಂಜೆ ಕಾಲೇಜಿನಲ್ಲಿ ಬಿಇ ಮುಗಿಸಿದೆ. ಆಮೇಲೆ ಆರು ವರ್ಷ ಫರ್ಮ್‌ವೇರ್ ಬರೆದೆ. 2019ರಿಂದ ಎರಡರ ನಡುವಿನ ಜಾಗದಲ್ಲಿದ್ದೇನೆ: ವಾಹನಗಳ ಇಸಿಯುಗಳನ್ನು (ಎಂಜಿನ್, ಬ್ರೇಕ್ ಮುಂತಾದವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು) ಎಚ್‌ಐಎಲ್, ಅಂದರೆ ಹಾರ್ಡ್‌ವೇರ್-ಇನ್-ದ-ಲೂಪ್ ಬೆಂಚಿಗೆ ಜೋಡಿಸಿ ಪರೀಕ್ಷಿಸುವುದು, ಆ ಪರೀಕ್ಷೆಗೆ ಬೇಕಾದ ಪ್ರೋಗ್ರಾಮ್ ಬರೆಯುವುದು. ಫೋನಿನಲ್ಲಿ ಅವನಿಗೆ ಅರ್ಧ ಗಂಟೆ ಹೇಳಿದೆ. ಅವನಂತೆಯೇ ಎರಡು ಕಾಗದ ಹಿಡಿದು ಕೂತವರು ಬೇರೆಯವರೂ ಇರುತ್ತಾರೆ, ಅವರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಾರ್ಖಾನೆ. ಬೋರ್ಡಿಗೆ ಕಾಂಪೊನೆಂಟ್ ಕೂರಿಸಿ, ಸೋಲ್ಡರ್ ಕರಗಿಸಿ ಅಂಟಿಸುವ ರಿಫ್ಲೋ ಓವನ್ ದಾಟಿಸಿದ ಮೇಲೆ ಅದು ಐಸಿಟಿಗೆ, ಅಂದರೆ ಇನ್-ಸರ್ಕಿಟ್ ಟೆಸ್ಟಿಗೆ ಬರುತ್ತದೆ. ಅಲ್ಲಿ ಬೋರ್ಡ್ ಹಿಡಿಯುವ ಚೌಕಟ್ಟು, ಅಂದರೆ ಫಿಕ್ಸ್ಚರ್ ನೋಡಿದರೆ ಭೀಷ್ಮನ ಶರಶಯ್ಯೆ ನೆನಪಾಗುತ್ತದೆ. ಸ್ಪ್ರಿಂಗ್ ಇರುವ ನೂರಾರು ಪೋಗೋ ಪಿನ್‌ಗಳ ಮೇಲೆ ಬೋರ್ಡ್ ಮಲಗುತ್ತದೆ, ಪ್ರತಿ ಪಿನ್ನೂ ಒಂದೊಂದು ಟೆಸ್ಟ್ ಪಾಯಿಂಟ್ ಮುಟ್ಟುತ್ತದೆ. ರೆಸಿಸ್ಟರ್ ಸರಿಯಿದೆಯಾ, ಕೆಪಾಸಿಟರ್ ಇದೆಯಾ, ಎಲ್ಲಾದರೂ ಸೋಲ್ಡರ್ ಶಾರ್ಟ್ ಆಗಿದೆಯಾ ಎಂದು ಯಂತ್ರ ಕೆಲವೇ ಸೆಕೆಂಡಿನಲ್ಲಿ ಅಳೆಯುತ್ತದೆ. ಅಲ್ಲಿ ಪಾಸಾದದ್ದು ಫಂಕ್ಷನಲ್ ಟೆಸ್ಟಿಗೆ ಹೋಗುತ್ತದೆ. ಅಲ್ಲಿ ಪವರ್ ಕೊಟ್ಟು, ಬೋರ್ಡ್ ಮಾಡಬೇಕಾದ ಕೆಲಸವನ್ನೇ ಅದರಿಂದ ಮಾಡಿಸಿ ನೋಡುತ್ತೇವೆ.

ನನಗೆ ಸರಿಯಾದ ಪಾಠ ಆದದ್ದು ಸೇರಿದ ಎಂಟನೇ ತಿಂಗಳಲ್ಲಿ. ಬೆಳಗಿನ ಶಿಫ್ಟಿನಲ್ಲಿ 10 ಓಮ್‌ನ ಒಂದು ರೆಸಿಸ್ಟರ್ 13, 14 ಓಮ್ ಎಂದು ತೋರಿಸಿ ಬೋರ್ಡುಗಳು ಸಾಲಾಗಿ ಫೇಲ್ ಆಗತೊಡಗಿದವು. ರೀಲ್ ಕೆಟ್ಟಿದೆ ಎಂದು ನಾನು ಸ್ಟೋರ್ಸಿಗೆ ಓಡಿದೆ, ಸಪ್ಲೈಯರ್ ಮೇಲೆ ದೂರು ಬರೆಯಲು ಕೂತೆ. ಲೈನಿನಲ್ಲಿ ಬೋರ್ಡ್ ಇಡುತ್ತಿದ್ದ ಅಕ್ಕ ಹತ್ತಿರ ಬಂದು, "ಸಾರ್, ಎರಡನೇ ಸಲ ಅದುಮಿದ್ರೆ ಪಾಸ್ ಆಗ್ತಾ ಇದೆ. ಬೆಳಿಗ್ಗೆಯಿಂದ ನಾನು ಹಂಗೇ ಮಾಡ್ತಿದೀನಿ" ಅಂದರು. ಫಿಕ್ಸ್ಚರ್ ಬಿಚ್ಚಿ ಭೂತಗನ್ನಡಿ ಹಿಡಿದೆ. ಆ ಜಾಗದ ಪಿನ್ನಿನ ತುದಿಯಲ್ಲಿ ಸೋಲ್ಡರ್ ಜೊತೆ ಬಳಸುವ ಫ್ಲಕ್ಸ್ ಕಂದು ಬಣ್ಣಕ್ಕೆ ಗಟ್ಟಿಯಾಗಿ ಕೂತಿತ್ತು, ಜೋನಿಬೆಲ್ಲದ ಹಾಗೆ. ಐಪಿಎ ಎಂಬ ಆಲ್ಕೋಹಾಲಿನಲ್ಲಿ ಬ್ರಷ್ ಅದ್ದಿ ಉಜ್ಜಿದೆ, 10.1 ಓಮ್ ಬಂತು. ರೆಸಿಸ್ಟರ್ ಬೆಳಿಗ್ಗೆಯಿಂದಲೂ ಸರಿಯಾಗಿಯೇ ಇತ್ತು. ಪಿನ್ನಿನ ಮೇಲಿನ ಕೊಳೆಯ ರೆಸಿಸ್ಟೆನ್ಸನ್ನೂ ಸೇರಿಸಿ ನಾವು ಅಳೆಯುತ್ತಿದ್ದೆವು. ಅಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಒಳ್ಳೆಯ ಬೋರ್ಡುಗಳು ರಿಪೇರಿ ಟ್ರೇ ಸೇರಿದ್ದವು, ಕೆಲವಕ್ಕೆ ಸೋಲ್ಡರಿಂಗ್ ಕಬ್ಬಿಣವೂ ತಗುಲಿತ್ತು.

ಕಡಿಮೆ ಓಮ್‌ನ ಜಾಗಗಳಲ್ಲಿ ಫೋರ್-ವೈರ್ ಮಾಪನ ಯಾಕೆ ಬೇಕು ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಕರೆಂಟ್ ಹರಿಸಲು ಎರಡು ತಂತಿ, ವೋಲ್ಟೇಜ್ ಓದಲು ಬೇರೆ ಎರಡು. ಅರ್ಥವಾದದ್ದು ಆ ದಿನ.

ಆ ನಾಲ್ಕು ವರ್ಷ ಕೊಟ್ಟದ್ದು ಇದು: ಮೀಟರ್ ಹೇಳಿದ್ದನ್ನು ನಂಬುವ ಮೊದಲು ಮೀಟರನ್ನೇ ಪ್ರಶ್ನಿಸುವ ಅಭ್ಯಾಸ. ಒಂದು ಬೋರ್ಡ್ ಅಲ್ಲ, ಒಂದೇ ಡಿಸೈನಿನ ಸಾವಿರಾರು ಬೋರ್ಡ್ ಕೈಗೆ ಬರುವುದರಿಂದ ಯಾವುದು ಡಿಸೈನಿನ ತಪ್ಪು, ಯಾವುದು ತಯಾರಿಕೆಯ ತಪ್ಪು ಎಂಬ ವಾಸನೆ ಹತ್ತುತ್ತದೆ. ಡಿಸೈನ್ ಮಾಡುವವರ ಮೇಜಿನ ಮೇಲೆ ಐದೋ ಹತ್ತೋ ಬೋರ್ಡ್ ಇರುತ್ತವೆ, ಅವರಿಗೆ ಇದು ಸಿಗುವುದೇ ಇಲ್ಲ. ಇನ್ನೊಂದನ್ನು ಹೇಳಲೇಬೇಕು. ಕನ್ನಡ ಮಾಧ್ಯಮದಿಂದ ಬಂದ ನನಗೆ ಫ್ಲೋರ್ ಮೇಲೆ ಭಾಷೆ ಎಂದೂ ಅಡ್ಡಿಯಾಗಲಿಲ್ಲ. ಆ ಅಕ್ಕ ನನ್ನ ಹತ್ತಿರ ಬಂದು ಹೇಳಿದ್ದು ಕನ್ನಡದಲ್ಲಿ ಮಾತಾಡುತ್ತಿದ್ದೆ ಎಂಬ ಕಾರಣಕ್ಕೇ ಎಂದು ಇವತ್ತಿಗೂ ನಂಬಿದ್ದೇನೆ.

ಕಷ್ಟವೂ ಇತ್ತು. ಮೂರು ಶಿಫ್ಟ್, ದಿನವಿಡೀ ನಿಂತೇ ಕೆಲಸ, ಮೈಯ ಸ್ಥಿರ ವಿದ್ಯುತ್ ಬೋರ್ಡಿಗೆ ತಗುಲದಂತೆ ಕೈಗೆ ಇಎಸ್‌ಡಿ ಪಟ್ಟಿ. ಟೆಸ್ಟರ್ ನಿಂತರೆ ಲೈನೇ ನಿಲ್ಲುತ್ತದೆ, ಐದು ನಿಮಿಷದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬೆನ್ನ ಹಿಂದೆ ಇರುತ್ತಾರೆ. ಎರಡೂವರೆ ವರ್ಷದ ನಂತರ ಹೊಸದೇನೂ ಸಿಗುತ್ತಿರಲಿಲ್ಲ. ಫಿಕ್ಸ್ಚರ್ ಡಿಸೈನ್ ಮತ್ತು ಟೆಸ್ಟ್ ಪ್ರೋಗ್ರಾಮ್ ಬರೆಯುವ ಕೆಲಸ ಕೇಳಿ ಪಡೆದುಕೊಂಡದ್ದರಿಂದ ಮಾತ್ರ ಉಳಿದ ಒಂದೂವರೆ ವರ್ಷ ವ್ಯರ್ಥವಾಗಲಿಲ್ಲ.

ಫರ್ಮ್‌ವೇರಿಗೆ ಹೋದಾಗ ಸಂಬಳ ಹತ್ತಿರ ಹತ್ತಿರ ಒಂದೂಮುಕ್ಕಾಲು ಪಟ್ಟಾಯಿತು. ಕೂರಲು ಕುರ್ಚಿ, ಹಗಲು ಡ್ಯೂಟಿ. ಮೊದಲ ಆರು ತಿಂಗಳು ಮಾತ್ರ ತುಂಬಾ ಒದ್ದಾಡಿದೆ. ಮೈಕ್ರೊಕಂಟ್ರೋಲರಿನ ರೆಫರೆನ್ಸ್ ಮ್ಯಾನ್ಯುಯಲ್ ಸಾವಿರ ಪುಟ ದಾಟುತ್ತದೆ, ಎಲ್ಲ ಇಂಗ್ಲಿಷು. ಕೋಡ್ ರಿವ್ಯೂನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುವಾಗ ಸರಿಯಿದ್ದ ನನ್ನ ಕೋಡನ್ನೂ ಸಮರ್ಥಿಸಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಇಂಟರಪ್ಟ್ (ಮುಖ್ಯ ಕೆಲಸ ತಡೆದು ನಡುವೆ ಓಡುವ ಕೋಡ್) ಒಳಗೆ ಬದಲಾಗುವ ವೇರಿಯಬಲ್‌ಗೆ ವೊಲಟೈಲ್ ಎಂಬ ಗುರುತು ಹಾಕದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನೇ ಚಿಪ್ಪಿನ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳಬಹುದು, ಆಗ ಅದಕ್ಕಾಗಿ ಕಾಯುವ ಲೂಪ್ ಎಂದೂ ಮುಗಿಯುವುದಿಲ್ಲ. ಇಂಥವನ್ನೆಲ್ಲ ಒಂದೊಂದಾಗಿ ಪೆಟ್ಟು ತಿಂದೇ ಕಲಿತೆ. ಆದರೆ ನಾನು ಬರೆದ ಸಾಲಿಗೆ ಮೋಟಾರ್ ಮೊದಲ ಸಲ ತಿರುಗಿದಾಗ ಆದ ಸಂತೋಷ ಟೆಸ್ಟ್ ಫ್ಲೋರಿನಲ್ಲಿ ಒಂದು ದಿನವೂ ಆಗಿರಲಿಲ್ಲ. ಸಂತೋಷದ ಲೆಕ್ಕದಲ್ಲಿ ಫರ್ಮ್‌ವೇರ್ ಬಹಳ ಮುಂದೆ.

ಭಾರದ ಲೆಕ್ಕದಲ್ಲೂ ಅದೇ ಮುಂದೆ. ಬೋರ್‌ವೆಲ್ ಪಂಪ್ ಕಂಟ್ರೋಲರ್ ಒಂದಕ್ಕೆ ನಾನೇ ಕೋಡ್ ಬರೆದಿದ್ದೆ. ನೀರು ಹರಿಯುವಾಗ ಫ್ಲೋ ಸೆನ್ಸರಿನಿಂದ ಪಲ್ಸ್ ಬರುತ್ತದೆ. 20 ಸೆಕೆಂಡ್ ಪಲ್ಸ್ ಬರದಿದ್ದರೆ ಬೋರ್ ಬತ್ತಿದೆ ಎಂದು ಮೋಟಾರ್ ನಿಲ್ಲಿಸಿ ಲಾಕ್ ಮಾಡಬೇಕು. ಹಳ್ಳಿಗಳಲ್ಲಿ ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಹಗಲು ರಾತ್ರಿ ಪಂಪ್ ಓಡುವ, ಜನರೇಟರ್ ಮತ್ತು ಯುಪಿಎಸ್ ಇರುವ ಎರಡು ಫ್ಯಾಕ್ಟರಿಗಳಿಂದ ದೂರು: ನೀರು ಬರುತ್ತಿರುವಾಗಲೇ ಪಂಪ್ ನಿಂತು ಲಾಕ್ ಆಗಿದೆ, ಆಫ್ ಮಾಡಿ ಆನ್ ಮಾಡಿದರೆ ಸರಿ. ಸೆನ್ಸರ್ ಬದಲಾಯಿಸಿದೆವು, ಕೇಬಲ್ ಬದಲಾಯಿಸಿದೆವು. ಮತ್ತೆ ನಿಂತಿತು.

ಆಗ ಕೈಹಿಡಿದದ್ದು ಕಾರ್ಖಾನೆಯ ಹಳೇ ಅಭ್ಯಾಸ. ಎರಡೂ ಫ್ಯಾಕ್ಟರಿಗಳ ದಾಖಲೆ ಪುಸ್ತಕ ತರಿಸಿ, ಯಾವ ದಿನ ಎಷ್ಟು ಗಂಟೆಗೆ ಆನ್ ಮಾಡಿದರು, ಯಾವ ದಿನ ನಿಂತಿತು ಎಂದು ಕಾಗದದ ಮೇಲೆ ಬರೆದುಕೊಂಡೆ. ಎರಡೂ ಕಡೆ ವ್ಯತ್ಯಾಸ ಒಂದೇ, 49 ದಿನ 17 ಗಂಟೆ. ಆ ಸಂಖ್ಯೆ ನೋಡಿದ್ದೇ ಎದೆ ಧಸಕ್ಕೆಂದಿತು. ಕೋಡಿನಲ್ಲಿ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಕೌಂಟರ್ ಇತ್ತು. ಅದು 4,29,49,67,296 ಎಣಿಕೆ ಮುಗಿಸಿ ಸೊನ್ನೆಗೆ ಮರಳುವುದು ಸರಿಯಾಗಿ 49 ದಿನ 17 ಗಂಟೆ 2 ನಿಮಿಷ 47 ಸೆಕೆಂಡಿಗೆ. ಪ್ರತಿ ಪಲ್ಸಿಗೂ ನಾನು 'ಈಗಿನ ಸಮಯಕ್ಕೆ 20 ಸೆಕೆಂಡ್ ಕೂಡಿಸು' ಎಂದು ಗಡುವು ಬರೆದಿಟ್ಟು, 'ಈಗಿನ ಸಮಯ ಗಡುವಿಗಿಂತ ದೊಡ್ಡದೇ' ಎಂದು ನೋಡುತ್ತಿದ್ದೆ. ಕೊನೆಯ 20 ಸೆಕೆಂಡಿನಲ್ಲಿ ಕೂಡಿದ ಮೊತ್ತ ಸೊನ್ನೆ ದಾಟಿ ಚಿಕ್ಕ ಸಂಖ್ಯೆಯಾಗುತ್ತದೆ, ಈಗಿನ ಸಮಯ ಇನ್ನೂ ದೊಡ್ಡದಾಗಿಯೇ ಇರುತ್ತದೆ. ಗಡುವು ಮೀರಿತು ಎಂದುಕೊಂಡು ಪಂಪ್ ನಿಲ್ಲುತ್ತದೆ. ಹಳ್ಳಿಗಳಲ್ಲಿ ಕರೆಂಟ್ ದಿನವೂ ಹೋಗಿ ಬರುತ್ತಿದ್ದುದರಿಂದ ಕೌಂಟರ್ ದಿನವೂ ಸೊನ್ನೆಯಿಂದ ಶುರುವಾಗುತ್ತಿತ್ತು, ತಪ್ಪು ಮುಚ್ಚಿಹೋಗಿತ್ತು. ಸರಿಪಡಿಸಲು ಬೇಕಾದದ್ದು ಒಂದೇ ಸಾಲು: ಕೂಡಿಸುವ ಬದಲು ಕಳೆಯಬೇಕು. ಈಗಿನ ಸಮಯದಿಂದ ಹಿಂದಿನ ಪಲ್ಸಿನ ಸಮಯ ಕಳೆದು ಅದು 20 ಸೆಕೆಂಡ್ ಮೀರಿತೇ ಎಂದು ನೋಡಿದರೆ, ಅನ್‌ಸೈನ್ಡ್ (ಮೈನಸ್ ಇಲ್ಲದ ಸಂಖ್ಯೆಗಳ) ಗಣಿತದಲ್ಲಿ ಕೌಂಟರ್ ಸುತ್ತಿ ಬಂದರೂ ಉತ್ತರ ಸರಿ ಬರುತ್ತದೆ.

ಕೋಡ್ ತಿದ್ದಿದ್ದಕ್ಕಿಂತ ಅದನ್ನು ಪರೀಕ್ಷಿಸಿದ್ದೇ ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ಐವತ್ತು ದಿನ ಯಾರು ಕಾಯುತ್ತಾರೆ? ಕೌಂಟರನ್ನು ಸೊನ್ನೆಯ ಬದಲು ಸುತ್ತಿ ಬರಲು ಒಂದು ನಿಮಿಷ ಬಾಕಿ ಇರುವ ಸಂಖ್ಯೆಯಿಂದ ಶುರು ಮಾಡಿದೆ. ಹಳೇ ಕೋಡ್ ಹಾಕಿದರೆ ನಿಮಿಷದೊಳಗೆ ಪಂಪ್ ನಿಂತಿತು, ಹೊಸದು ನಿಲ್ಲಲಿಲ್ಲ. ಲಿನಕ್ಸ್ ಕರ್ನೆಲ್ ಕೂಡ ಇದನ್ನೇ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಅದರ ಜಿಫೀಸ್ ಎಂಬ ಸಮಯದ ಕೌಂಟರ್ ಬೂಟ್ ಆದ ಐದೇ ನಿಮಿಷಕ್ಕೆ ಸುತ್ತಿ ಬರುವಂತೆ ಬೇಕೆಂದೇ ಇಟ್ಟಿದ್ದಾರೆ, ಇಂಥ ತಪ್ಪಿದ್ದರೆ ಬೇಗ ಸಿಕ್ಕಿಬೀಳಲಿ ಎಂದು. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೋಯಿಂಗ್ 787 ವಿಮಾನಗಳ ಬಗ್ಗೆ ಹೊರಡಿಸಿದ ಆದೇಶವೂ ಇದೇ ಜಾತಿಯದು. 248 ದಿನ ಬಿಡದೆ ಪವರ್ ಇದ್ದರೆ ಜನರೇಟರ್ ಕಂಟ್ರೋಲ್ ಯೂನಿಟ್‌ಗಳು ಫೇಲ್‌ಸೇಫ್ ಸ್ಥಿತಿಗೆ ಹೋಗಿ ಕೆಲಸ ನಿಲ್ಲಿಸಬಹುದಿತ್ತು, ಕಾರಣ ಸಾಫ್ಟ್‌ವೇರ್ ಕೌಂಟರ್ ತುಂಬಿ ಹರಿಯುವುದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ನಿಲ್ಲಿಸಿದ್ದು ಪಂಪು. ನನ್ನಂಥವನೇ ಒಬ್ಬ ಬರೆದದ್ದು ಆಕಾಶದಲ್ಲಿತ್ತು.

ಅದಾದ ಮೇಲೆಯೇ ಮೂರನೇ ದಾರಿ ಹುಡುಕಿದ್ದು. ಎಚ್‌ಐಎಲ್ ಎಂದರೆ ನಿಜವಾದ ಇಸಿಯುಗೆ ಸುಳ್ಳು ವಾಹನ ತೋರಿಸುವುದು. ಚಕ್ರದ ವೇಗ, ಎಂಜಿನ್ ಬಿಸಿ, ಬ್ರೇಕ್ ಒತ್ತಿದ್ದು ಎಲ್ಲವನ್ನೂ ಕಂಪ್ಯೂಟರ್ ಸೃಷ್ಟಿಸಿ ತಂತಿಯಲ್ಲಿ ಕಳಿಸುತ್ತದೆ. ಇಸಿಯು ತಾನು ರಸ್ತೆಯಲ್ಲಿದ್ದೇನೆ ಎಂದುಕೊಂಡೇ ಕೆಲಸ ಮಾಡುತ್ತದೆ. ಸೆನ್ಸರಿನ ತಂತಿ ಕತ್ತರಿಸಿದಂತೆ ಮಾಡಬಹುದು, ರಾತ್ರಿಯಿಡೀ ಸಾವಿರ ಸಲ ಪವರ್ ತೆಗೆದು ಕೊಡಬಹುದು. ಸಂಜೆ ಸ್ಕ್ರಿಪ್ಟ್ ಓಡಲು ಬಿಟ್ಟು ಮನೆಗೆ ಹೋಗುತ್ತೇನೆ, ಬೆಳಿಗ್ಗೆ ಕಾಫಿ ಹಿಡಿದು ಲಾಗ್ ಓದುತ್ತೇನೆ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಹೋಗಲು ಸಾಧ್ಯವಾಗಿದ್ದು ಈ ಕೆಲಸಕ್ಕೆ ಬಂದ ಮೇಲೆಯೇ.

ಹಿಂದಿನ ಎರಡೂ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಂದು ದಿನ ಇಸಿಯುಗಳು ತಮ್ಮೊಳಗೆ ಮಾತಾಡುವ ಎರಡು ತಂತಿಯ ಕ್ಯಾನ್ ಬಸ್ ಮೇಲೆ ಎರರ್ ಫ್ರೇಮ್ (ತಪ್ಪಿದೆ ಎನ್ನುವ ಸಂದೇಶ) ಬರುತ್ತಿವೆ ಎಂದು ಹೊಸ ಹುಡುಗಿಯೊಬ್ಬಳು ಅರ್ಧ ದಿನ ಡ್ರೈವರ್ ಕೋಡ್ ಹುಡುಕಿದಳು. ಪವರ್ ತೆಗೆಸಿ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟೆ: 120 ಓಮ್. ಬಸ್ಸಿನ ಎರಡೂ ತುದಿಯಲ್ಲಿ ತಲಾ 120 ಓಮ್ ಇರಬೇಕು, ಪ್ಯಾರಲಲ್ ಆಗಿ 60 ತೋರಿಸಬೇಕು. ಒಂದು ತುದಿಯ ಆ ರೆಸಿಸ್ಟರ್, ಅಂದರೆ ಟರ್ಮಿನೇಶನ್, ಹಾಕಿರಲಿಲ್ಲ.

ಇಲ್ಲಿನ ತೊಂದರೆ ಬೇರೆ ಥರ. ಬೆಂಚ್ ದುಬಾರಿ, ಆದ್ದರಿಂದ ಸರದಿ ಕಾಯಬೇಕು. ವಾಹನಗಳ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಮಾನದಂಡವಾದ ಐಎಸ್ಒ 26262 ಪ್ರಕಾರ ಯಾವ ರಿಕ್ವೈರ್‌ಮೆಂಟಿಗೆ ಯಾವ ಟೆಸ್ಟ್ ಎಂದು ಕಾಗದ ಹೊಂದಿಸುವುದರಲ್ಲೇ ವಾರದ ಎರಡು ದಿನ ಹೋಗುತ್ತದೆ. ದುಬಾರಿ ಲೈಸೆನ್ಸಿನ ಒಂದೇ ಟೂಲಿಗೆ ಅಂಟಿಕೊಂಡರೆ ನಿಮ್ಮ ವಿದ್ಯೆಯೂ ಅದರ ಜೊತೆಗೇ ಕಟ್ಟಿಹೋಗುತ್ತದೆ, ಹಾಗಾಗಿ ನಾನು ಆದಷ್ಟೂ ಪೈಥಾನಿನಲ್ಲೇ ಬರೆಯುತ್ತೇನೆ. ಫರ್ಮ್‌ವೇರಿನಿಂದ ಬರುವಾಗ ಸಂಬಳ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೊಸಬರಿಗೆ ನೇರವಾಗಿ ಈ ಕೆಲಸ ಬೇಡ ಎನ್ನುತ್ತೇನೆ. ಬೋರ್ಡ್ ಕೆಡುವುದನ್ನೂ ಕೋಡ್ ಕೆಡುವುದನ್ನೂ ನೋಡದವರಿಗೆ ಯಾವ ಟೆಸ್ಟ್ ಬರೆಯಬೇಕು ಎಂಬುದೇ ಹೊಳೆಯುವುದಿಲ್ಲ.

ಅಕ್ಕನ ಮಗನಿಗೆ ಸಂಬಳ ಬದಿಗಿಟ್ಟು ಎರಡು ಪ್ರಶ್ನೆ ಕೇಳಲು ಹೇಳಿದೆ. ಕಾರ್ಖಾನೆಯವರಿಗೆ: ಟೆಸ್ಟ್ ಪ್ರೋಗ್ರಾಮ್ ಯಾರು ಬರೀತಾರೆ? ಇಲ್ಲಿಯೇ ಬರೆಯುವುದಾದರೆ ಕಣ್ಣು ಮುಚ್ಚಿ ಸೇರು, ಎರಡು ವರ್ಷ ಇರು, ಫಿಕ್ಸ್ಚರ್ ಕೆಲಸ ಕೇಳಿ ತಗೋ. ಸಣ್ಣ ಕಂಪನಿಯವರಿಗೆ: ಟೀಮಿಗೆ ಎಷ್ಟು ಆಸಿಲೋಸ್ಕೋಪ್ (ಸಿಗ್ನಲ್ಲಿನ ಅಲೆ ತೋರಿಸುವ ಯಂತ್ರ) ಇದೆ, ರಿಲೀಸಿಗೆ ಮುಂಚೆ ಯಾರು ಟೆಸ್ಟ್ ಮಾಡ್ತಾರೆ? ಕಾರ್ಖಾನೆಯವರು ಪ್ರೋಗ್ರಾಮ್ ಎಲ್ಲ ಗ್ರಾಹಕರಿಂದಲೇ ಸಿದ್ಧವಾಗಿ ಬರುತ್ತದೆ ಎಂದರಂತೆ. ಇನ್ನೊಂದು ಕಡೆ ಆರು ಜನಕ್ಕೆ ಎರಡು ಸ್ಕೋಪ್, ಕೋಡ್ ಬರೆದವರೇ ಟೆಸ್ಟ್ ಮಾಡಬೇಕು. ಹಾಗಾದರೆ ಸಣ್ಣ ಕಂಪನಿಗೇ ಹೋಗು, ಆದರೆ ಟೆಸ್ಟ್ ಬೆಂಚನ್ನು ನೀನೇ ಕಟ್ಟಿಕೋ ಎಂದೆ.

ಮೊನ್ನೆ ಶನಿವಾರ ಇಬ್ಬರೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿದ್ದೆವು. ಡಿಜಿಟಲ್ ಸಿಗ್ನಲ್ ನೋಡಲು ಒಂದು ಎಂಟು ಚಾನೆಲ್ಲಿನ ಲಾಜಿಕ್ ಅನಲೈಜರ್, ಪೋಗೋ ಪಿನ್ ಒಂದು ಪೊಟ್ಟಣ, ಒಂದು ಮಲ್ಟಿಮೀಟರ್. ಅಂಗಡಿಯವರು ಬಿಲ್ ಬರೆಯುತ್ತಿದ್ದಂತೆ ಹುಡುಗ ಮೀಟರ್ ಆನ್ ಮಾಡಿ ಎರಡೂ ಪ್ರೋಬ್ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದ. ಸೊನ್ನೆಯ ಹತ್ತಿರ ಇರಬೇಕಾದದ್ದು 1.8 ಓಮ್ ತೋರಿಸಿತು. "ಅಣ್ಣ, ಈ ಪ್ರೋಬ್ ಬೇಡ, ಬೇರೆ ಕೊಡಿ" ಅಂದ. ಮೂರನೇ ಜೊತೆ 0.2 ತೋರಿಸಿದ ಮೇಲೆಯೇ ದುಡ್ಡು ಕೊಟ್ಟಿದ್ದು.