ಬೋರ್ಡಿನಲ್ಲಿ ಏರೋನಾಟಿಕಲ್, ರಸೀದಿಯಲ್ಲಿ ಬರೀ ‘ಟ್ರೇನಿಂಗ್ ಫೀ’

ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಕಡೆ ಫೋನ್‌ಗಳು ಶುರು. ‘ಸರ, ನಿಮ್ಮ ಹುಡುಗ ಸೈನ್ಸ್ ಅಲ್ರೀ? ಏರೋನಾಟಿಕಲ್ ಸೀಟ್ ಐತ್ರಿ.’ ನಂಬರ್ ಅವರಿಗೆ ಎಲ್ಲಿಂದ ಸಿಗುತ್ತದೋ ದೇವರೇ ಬಲ್ಲ. ಗದಗಿನ ನಮ್ಮ ಅಕ್ಕನ ಮನೆಗೂ ಹೀಗೇ ಬಂತು. ಸಿಇಟಿ ರ್‍ಯಾಂಕ್ ಹಿಂದೆ ಬಿದ್ದು ಅವಳ ಮಗ ಮಂಕಾಗಿದ್ದ ಹೊತ್ತು ಅದು. ಹುಬ್ಬಳ್ಳಿಯ ಒಂದು ಸಂಸ್ಥೆ. ಹೆಸರು ಹಾಕೋದಿಲ್ಲ. ಇಂಥವರು ಬೋರ್ಡ್ ಬದಲಿಸುತ್ತಲೇ ಇರುತ್ತಾರೆ, ಆಟ ಮಾತ್ರ ಅದೇ.

ಕೌನ್ಸೆಲರ್ ಮೇಡಂ ಹೇಳಿದ್ದು: ‘ಬಿಇಗೆ ನಾಕು ವರ್ಷ ಯಾಕ್ರಿ ಅಕ್ಕಾರ? ಇದು ಒಂದ ವರ್ಷ, ಬಿಇಗೆ ಸಮ ಐತಿ. ನೂರಕ್ಕ ನೂರು ಪ್ಲೇಸ್‌ಮೆಂಟ್.’ ಅಕ್ಕ ಒಂದೂವರೆ ಲಕ್ಷ ಕಟ್ಟಿದಳು. ‘ವೆರಿಫಿಕೇಶನ್’ ಅಂತ ಹುಡುಗನ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಇಟ್ಟುಕೊಂಡರು.

ಕ್ಲಾಸಿನಲ್ಲಿ ನಡೆದದ್ದು ಇಷ್ಟು. ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಬೆಂಗಳೂರಿಗೆ ಬಿಎಲ್‌ಆರ್ ಅಂತ ಏರ್‌ಪೋರ್ಟ್ ಕೋಡ್ ಬಾಯಿಪಾಠ. ಟೈ ಕಟ್ಟೋದು. ಮೈಕಿನಲ್ಲಿ ಅನೌನ್ಸ್‌ಮೆಂಟ್ ಮಾಡೋದು. ಇಂಜಿನ್ ಯಾವಾಗ ಕಲಿಸ್ತೀರಿ ಅಂತ ಹುಡುಗ ಕೇಳಿದರೆ ‘ಅದು ಎರಡನೇ ವರ್ಷ’ ಅಂದರಂತೆ. ಕೋರ್ಸ್ ಇದ್ದದ್ದೇ ಒಂದು ವರ್ಷ!

ರಸೀದಿ ತರಿಸಿ ನೋಡಿದೆ. ಬೋರ್ಡಿನ ಹೆಸರು ಒಂದು, ರಸೀದಿ ಮೇಲಿನದು ಇನ್ಯಾವುದೋ ಟ್ರಸ್ಟ್. ಕೋರ್ಸಿನ ಹೆಸರೇ ಇಲ್ಲ, ‘ಟ್ರೇನಿಂಗ್ ಫೀ’ ಅಷ್ಟೇ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕಟ್ಟಿದ ಹಣ ವಾಪಸ್ ಕೊಡುವುದಿಲ್ಲ’. ಕೊನೆಗೆ ಬಂದ ಪ್ಲೇಸ್‌ಮೆಂಟ್ ಅಂದ್ರೆ ಬೆಂಗಳೂರಿನಲ್ಲಿ ಲಗೇಜ್ ಹತ್ತಿಸೋ ಗುತ್ತಿಗೆ ಕೆಲಸದ ಇಂಟರ್‌ವ್ಯೂ. ಆ ಕೆಲಸ ಕೀಳು ಅಂತಲ್ಲ. ಅದಕ್ಕೆ ಎಸ್ಸೆಸ್ಸೆಲ್ಸಿ ಓದಿದವರನ್ನೂ ತಗೋತಾರೆ, ಒಂದೂವರೆ ಲಕ್ಷ ಯಾಕೆ?

ಬೇರೆ ಬೇರೆ ದಾರಿಗಳನ್ನು ಒಂದೇ ಹೆಸರಿನಲ್ಲಿ ಮಾರೋದೇ ಇಲ್ಲಿನ ಚಾಲಾಕಿ. ಏರೋನಾಟಿಕಲ್ ಬಿಇ ಅಂದ್ರೆ ನಾಲ್ಕು ವರ್ಷದ ಡಿಗ್ರಿ. ವಿಮಾನದ ವಿನ್ಯಾಸ, ತಯಾರಿಕೆ, ಸಂಶೋಧನೆ ಕಡೆ ಹೋಗುವವರಿಗೆ. ಕಾಲೇಜಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಮಾನ್ಯತೆ ಬೇಕು, ಸೀಟು ಸಿಇಟಿಯಲ್ಲೂ ಸಿಗುತ್ತದೆ. ರಿಪೇರಿಯಾದ ವಿಮಾನ ಹಾರಬಹುದು ಅಂತ ಸಹಿ ಹಾಕೋದು ಬೇರೆಯದೇ ಕೆಲಸ, ಎಎಂಇ, ಅಂದ್ರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್. ಅದಕ್ಕೆ ಕೇಂದ್ರದ ವಿಮಾನಯಾನ ನಿಯಂತ್ರಣ ಇಲಾಖೆ ಡಿಜಿಸಿಎ ಕೊಡುವ ಲೈಸೆನ್ಸ್ ಬೇಕು. ಬರೀ ಬಿಇ ಇದ್ದರೆ ಆ ಸಹಿ ಹಾಕುವಂತಿಲ್ಲ. ಹಾಗೇ ಎಎಂಇ ಲೈಸೆನ್ಸ್ ಡಿಗ್ರಿಯೂ ಅಲ್ಲ.

ಎಎಂಇ ಕಲಿಸುವ ಸಂಸ್ಥೆಗೆ ಡಿಜಿಸಿಎಯ ‘ಸಿಎಆರ್-147’ ಒಪ್ಪಿಗೆ ಇರಬೇಕು. ಅದೂ ವಿಭಾಗವಾರು: ಬಿ1 ಅಂದ್ರೆ ಇಂಜಿನ್, ಬಾಡಿ ಕಡೆ, ಬಿ2 ಅಂದ್ರೆ ವಿಮಾನದ ಎಲೆಕ್ಟ್ರಾನಿಕ್ಸ್. ಒಂದಕ್ಕೆ ಒಪ್ಪಿಗೆ ಇದ್ದರೆ ಇನ್ನೊಂದಕ್ಕೂ ಇದೆ ಅಂತಲ್ಲ. ಕೋರ್ಸೇ ಸುಮಾರು 2400 ಗಂಟೆ. ಅದರ ಮೇಲೆ ಡಿಜಿಸಿಎ ಪರೀಕ್ಷೆಗಳು, ಬಳಕೆಯಲ್ಲಿರುವ ವಿಮಾನಗಳ ರಿಪೇರಿ ಕೆಲಸದ ಅನುಭವ. ಒಂದು ವರ್ಷದಲ್ಲಿ ಮುಗಿಸ್ತೀವಿ ಅಂದವರ ಎದುರಿನಿಂದ ಎದ್ದು ಬನ್ನಿ. ಗೋಡೆಯ ಮೇಲಿನ ಫ್ರೇಮ್ ನಂಬಬೇಡಿ, ಡಿಜಿಸಿಎ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು, ವಿಳಾಸ, ವಿಭಾಗ ಮೂರೂ ಹುಡುಕಿ.

ನನಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ವಿಮಾನಗಳ ಓಡಾಟ ನಿಯಂತ್ರಿಸುವ ಏರ್ ಟ್ರಾಫಿಕ್ ಕಂಟ್ರೋಲರ್ ಹುದ್ದೆಗೆ ಏರ್‌ಪೋರ್ಟ್ಸ್ ಅಥಾರಿಟಿ ಕೇಳೋದು ಫಿಸಿಕ್ಸ್, ಮ್ಯಾಥ್ಸ್ ಇರುವ ಬಿಎಸ್ಸಿ ಅಥವಾ ಬಿಇ. ಧಾರವಾಡದಲ್ಲಿ ಬಿಎಸ್ಸಿ ಓದಿದವರೂ ಪರೀಕ್ಷೆ ಬರೆಯಬಹುದು. ಇದನ್ನು ಯಾವ ಏಜೆಂಟೂ ಹೇಳಲ್ಲ, ಕಮಿಷನ್ ಇಲ್ಲ ನೋಡಿ.

ಮಾರ್ಕ್ಸ್ ಕಾರ್ಡ್ ಕೇಳಿದಾಗ ‘ಬಾಕಿ ಕಟ್ರಿ, ಒಯ್ರಿ’ ಅಂದರು. ಯುಜಿಸಿ ನಿಯಮದ ಪ್ರಕಾರ ಕಾಲೇಜುಗಳೇ ಒರಿಜಿನಲ್ ಹಿಡಿದಿಟ್ಟುಕೊಳ್ಳುವಂತಿಲ್ಲ, ಇವರು ಯಾರು? ಪೊಲೀಸ್ ಠಾಣೆಗೆ ಅರ್ಜಿ ಬರೆದು ಅದರ ಫೋಟೋ ಅವರ ವಾಟ್ಸಾಪಿಗೆ ಹಾಕಿದ ಮೇಲೆ ಕಾರ್ಡ್ ಕೈಗೆ ಬಂತು. ದುಡ್ಡು ಇನ್ನೂ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಈಗ ನಮ್ಮ ಕೈಯಲ್ಲಿರುವ ಪುರಾವೆ ಅಂದ್ರೆ ಆ ರಸೀದಿ, ‘ಬಿಇಗೆ ಸಮ’ ಅಂತ ಅಚ್ಚು ಹಾಕಿದ ಪಾಂಪ್ಲೆಟ್ ಮತ್ತು ಮೇಡಂ ಕಳಿಸಿದ ವಾಯ್ಸ್ ಮೆಸೇಜ್‌ಗಳು. ನೀವೂ ಇಂಥ ಕಡೆ ಸಿಕ್ಕಿಕೊಂಡಿದ್ದರೆ ಒಂದನ್ನೂ ಡಿಲೀಟ್ ಮಾಡಬೇಡಿ.